ನೀರು, ಕರೆಂಟು, ಅನ್ನ, ದುಡ್ಡು: ಮಲೆನಾಡಿನ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜು ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು, ತೋಟದವರು ಕೇಳುವ ಪ್ರಶ್ನೆಗಳಿವು. ಗಣಿತ ಹೆದರಿಸುವಷ್ಟಿಲ್ಲ. ಕೂಡೋದು, ಕಳೆಯೋದು, ಗುಣಿಸೋದು ಬಂದರೆ ಸಾಕು.

ನೀರು, ಶಕ್ತಿ, ಆಹಾರ, ಆರ್ಥಿಕತೆ ಎಲ್ಲ ಸೇರಿದ ಮಾಡೆಲ್ ಅಂದರೆ ಏನು?

ಒಂದು ಊರಿಗೆ ಅಥವಾ ಕಣಿವೆಗೆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅದನ್ನು ಎತ್ತೋಕೆ ಎಷ್ಟು ಕರೆಂಟು ಹಿಡಿಯಿತು, ಆ ನೀರಲ್ಲಿ ಏನು ಬೆಳೆಯಿತು, ಯಾರ ಕೈಗೆ ಎಷ್ಟು ದುಡ್ಡು ಬಂತು. ಇಷ್ಟನ್ನೂ ಒಂದೇ ಲೆಕ್ಕದಲ್ಲಿ ಬರೆಯುವುದು, ಅಷ್ಟೇ.

ಈಗ ಹಾಗಿಲ್ಲ. ನೀರಾವರಿಯವರ ಲೆಕ್ಕ ಬೇರೆ, ವಿದ್ಯುತ್‌ನವರದ್ದು ಬೇರೆ, ಕೃಷಿ ಇಲಾಖೆಯದ್ದು ಬೇರೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ. ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ನೀರನ್ನು ಎರಡು ಕಡೆ ಖರ್ಚು ಹಾಕಿರುತ್ತಾರೆ. ಅದನ್ನು ಹಿಡಿಯುವುದೇ ಮಾಡೆಲ್‌ನ ಮೊದಲ ಕೆಲಸ. ಮುಂದಿನ ವರ್ಷ ಏನಾಗುತ್ತದೆ ಅಂತ ಭವಿಷ್ಯ ಹೇಳುವುದು ಆಮೇಲಿನ ಮಾತು. ನನ್ನನ್ನು ಕೇಳಿದರೆ, ಅಷ್ಟು ಮುಖ್ಯವೂ ಅಲ್ಲ.

ಜಗತ್ತಿನ ಮಟ್ಟದಲ್ಲಿ ಈ ವಿಚಾರಕ್ಕೆ ಜೋರು ಬಂದದ್ದು 2011ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ ನಡೆದ ಸಮ್ಮೇಳನದಿಂದ. ಆಮೇಲೆ ಮಾರಿಷಸ್ ದ್ವೀಪದ ಮೇಲೆ ಹೆಸರಾಂತ ಅಧ್ಯಯನವೊಂದು ಬಂತು. ಕಬ್ಬಿನಿಂದ ಎಥನಾಲ್ ಮಾಡಿದರೆ ಲಾಭ ಅಂತ ಮೇಲ್ನೋಟಕ್ಕೆ ಕಾಣುತ್ತಿತ್ತು. ಮಳೆ ಕಡಿಮೆಯಾದರೆ ಕಬ್ಬಿಗೆ ನೀರೆತ್ತಲು ಎಷ್ಟು ವಿದ್ಯುತ್ ಬೇಕು ಅನ್ನುವುದನ್ನೂ ಸೇರಿಸಿದ ಮೇಲೆ ಆ ಲಾಭ ಮೊದಲಿನಷ್ಟು ಉಳಿಯಲಿಲ್ಲ.

ಇಷ್ಟು ಮಳೆ ಬೀಳುವ ಮಲೆನಾಡಿಗೆ ನೀರಿನ ಲೆಕ್ಕ ಯಾಕೆ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಬಂದ ಮಳೆಯೂ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಜಂಬಿಟ್ಟಿಗೆ ನೆಲ, ಇಳಿಜಾರು ಬೇರೆ. ನೀರು ನಿಲ್ಲುವುದೇ ಇಲ್ಲ. ಜುಲೈನಲ್ಲಿ ಸೇತುವೆ ಮುಳುಗಿದ ಊರಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆ.

ವರ್ಷದ ಸರಾಸರಿ ಹಾಕಿ ಮಾಡೆಲ್ ಓಡಿಸಿದರೆ ಮಲೆನಾಡಿಗೆ ನೀರಿನ ಸಮಸ್ಯೆಯೇ ಇಲ್ಲ ಅಂತ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಕೆಲಸಕ್ಕೆ ಬಾರದು. ಇಲ್ಲಿ ಕನಿಷ್ಠ ತಿಂಗಳ ಲೆಕ್ಕ ಬೇಕು. ಬೇಸಿಗೆಗೆ ವಾರದ ಲೆಕ್ಕವಾದರೆ ಇನ್ನೂ ಒಳ್ಳೆಯದು.

ನೀರಿಗೂ ಕರೆಂಟಿಗೂ ಇರುವ ಕೊಂಡಿಯನ್ನು ಅಂಕಿಯಲ್ಲಿ ತೋರಿಸಿ.

ಶರಾವತಿಯನ್ನೇ ತಗೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ಣ ಮಟ್ಟ 1,819 ಅಡಿ, ತುಂಬಿದರೆ ಸುಮಾರು 151 ಟಿಎಂಸಿ. ಆ ನೀರು ತಳಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ಪೈಪುಗಳಲ್ಲಿ 400 ಮೀಟರ್‌ಗೂ ಜಾಸ್ತಿ ಕೆಳಕ್ಕೆ ಧುಮುಕಿ, ಶರಾವತಿ ವಿದ್ಯುದಾಗಾರದ 10 ಘಟಕಗಳನ್ನು ತಿರುಗಿಸುತ್ತದೆ. ಸಾಮರ್ಥ್ಯ 1,035 ಮೆಗಾವಾಟ್.

ಒಂದು ಘನ ಮೀಟರ್ ನೀರು, ಅಂದರೆ 1,000 ಲೀಟರ್, 100 ಮೀಟರ್ ಇಳಿದರೆ ಅದರಲ್ಲಿ 0.27 ಯೂನಿಟ್ ಶಕ್ತಿ ಇರುತ್ತದೆ. ಇಳಿತ 400 ಮೀರಿರುವುದರಿಂದ, ಯಂತ್ರದ ನಷ್ಟ ಕಳೆದು, ಶರಾವತಿಯಲ್ಲಿ 1,000 ಲೀಟರ್ ನೀರಿಗೆ ಹತ್ತಿರ ಹತ್ತಿರ 1 ಯೂನಿಟ್ ಅಂತ ಇಟ್ಟುಕೊಳ್ಳಬಹುದು. ನೆನಪಿಡಲೂ ಸುಲಭ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಒಂದು ಟಿಎಂಸಿಗೆ ಸುಮಾರು 2.8 ಕೋಟಿ ಯೂನಿಟ್. ಕೆಳಗೆ ಗೇರುಸೊಪ್ಪೆಯ 240 ಮೆಗಾವಾಟ್ ಕೇಂದ್ರದಲ್ಲಿ ಅದೇ ನೀರು ಇನ್ನೊಮ್ಮೆ ದುಡಿಯುತ್ತದೆ. ಅದನ್ನು ಇಲ್ಲಿ ಸೇರಿಸಿಲ್ಲ.

ಈಗ ಬೆಂಗಳೂರಿನ ವಿಷಯಕ್ಕೆ ಬನ್ನಿ. ಶರಾವತಿಯಿಂದ ರಾಜಧಾನಿಗೆ ಕುಡಿಯುವ ನೀರು ಒಯ್ಯುವ ಮಾತು ಬಂದಾಗ 2019ರಲ್ಲಿ ಜಿಲ್ಲೆಯಲ್ಲಿ ಬಂದ್ ನಡೆದದ್ದು ನೆನಪಿರಬೇಕಲ್ವಾ. ಆ ಗಲಾಟೆಯಲ್ಲಿ ಭಾವನೆ ಬೇಕಾದಷ್ಟು ಇತ್ತು, ಈ ಲೆಕ್ಕ ಮಾತ್ರ ಅಷ್ಟಾಗಿ ಕೇಳಲಿಲ್ಲ. ಲಿಂಗನಮಕ್ಕಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 550 ಮೀಟರ್ ಮೇಲೆ, ಬೆಂಗಳೂರು 900ರ ಆಸುಪಾಸು. ಬರೀ ಎತ್ತರಕ್ಕೇ 350 ಮೀಟರ್ ಎತ್ತಬೇಕು. ಪಂಪಿನ ನಷ್ಟ ಸೇರಿಸಿದರೆ ಒಂದು ಘನ ಮೀಟರಿಗೆ ಸುಮಾರು 1.3 ಯೂನಿಟ್. ನೂರಾರು ಕಿ.ಮೀ. ಪೈಪಿನೊಳಗಿನ ಘರ್ಷಣೆಯ ನಷ್ಟ ಬೇರೆ. ಇನ್ನೊಂದು ಕಡೆ, ಆ ನೀರು ಟರ್ಬೈನಿಗೆ ಹೋಗದೆ 1 ಯೂನಿಟ್ ಕೈತಪ್ಪಿತು. ಒಟ್ಟು ಹೊರೆ 2.3 ಯೂನಿಟ್.

10 ಟಿಎಂಸಿ ಒಯ್ದರೆ ವರ್ಷಕ್ಕೆ 65 ಕೋಟಿ ಯೂನಿಟ್ ಆಯಿತು. ಯೂನಿಟ್ಟಿಗೆ 5 ರೂಪಾಯಿ ಅಂತ ಸುಮ್ನೆ ಹಿಡಿದರೆ 325 ಕೋಟಿ ರೂಪಾಯಿ, ಪ್ರತಿ ವರ್ಷ. ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ಎತ್ತುವ ಖರ್ಚು ಇರುತ್ತದೆ. ಕೈತಪ್ಪಿದ ಉತ್ಪಾದನೆಯ ಖರ್ಚೂ ಅದರ ಪಕ್ಕದಲ್ಲೇ ಇದೆಯೋ ಇಲ್ಲವೋ ಅಂತ ನೋಡಿ. ಹಾಗಂತ ಬೆಂಗಳೂರಿನವರು ನೀರು ಕುಡಿಯಬಾರದು ಅಂತಲ್ಲ. ಕಾವೇರಿ ನೀರನ್ನೂ ಅವರು 100 ಕಿ.ಮೀ. ದೂರದಿಂದ ಸುಮಾರು 500 ಮೀಟರ್ ಎತ್ತಿಸಿಕೊಂಡೇ ಕುಡಿಯುತ್ತಿದ್ದಾರೆ. ಬೆಲೆ ಎಷ್ಟು ಅನ್ನುವುದು ಮೊದಲೇ ಎಲ್ಲರಿಗೂ ಗೊತ್ತಿರಲಿ.

ಹೇಗೂ ಶರಾವತಿ ನೀರು ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದಲ್ಲ?

ವ್ಯರ್ಥ ಅನ್ನುವುದಕ್ಕೆ ಮುಂಚೆ ಹೊನ್ನಾವರದ ಅಳಿವೆಗೆ ಹೋಗಿ ನೋಡಬೇಕು. ಅಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವ ಹದದ ಮೇಲೆ ಮೀನು, ಚಿಪ್ಪಿನ ಬದುಕು ನಿಂತಿದೆ. ವಿಚಿತ್ರ ಅಂದರೆ ಅಲ್ಲಿನ ತೊಂದರೆ ನೀರು ಕಡಿಮೆಯಾದದ್ದಲ್ಲ. ವಿದ್ಯುದಾಗಾರದಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುವುದರಿಂದ ಉಪ್ಪಿನಂಶ ಇಳಿದು ಚಿಪ್ಪು ಕಡಿಮೆಯಾಯಿತು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿನ ಸಂಪತ್ತು ಈಗಲೂ ದೊಡ್ಡದು. ಮಾಡೆಲ್‌ನಲ್ಲಿ ಸಮುದ್ರದ ಕಡೆಗೂ ಒಂದು ಖಾತೆ ತೆರೆಯಿರಿ. ಅದರಲ್ಲಿ ಎಷ್ಟು ನೀರು ಅನ್ನುವುದರ ಜೊತೆಗೆ ಯಾವ ತಿಂಗಳಲ್ಲಿ ಅನ್ನುವುದೂ ಇರಲಿ.

ಒಂದು ಎಕರೆ ಅಡಿಕೆ ತೋಟದ ಲೆಕ್ಕ ಹೇಗೆ ಹಾಕುವುದು?

ಇದೇ ನಿಜವಾದ ಶುರು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅನ್ನುತ್ತಾರೆ. 20 ಅಂತ ಹಿಡಿದರೆ ಎಕರೆಗೆ ದಿನಕ್ಕೆ ಸುಮಾರು 10,800 ಲೀಟರ್. ಹಾಯಿಸುವುದಾದರೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಅಂತ ಲೆಕ್ಕ. ದಿನಕ್ಕೆ ಹಂಚಿದರೆ 23,600 ಲೀಟರ್.

ಮುಂದಿನದು ಪಂಪು. ಬೋರ್ಡಿನ ಮೇಲೆ 5 ಎಚ್‌ಪಿ ಅಂತ ಬರೆದಿದ್ದನ್ನು ನಂಬಬೇಡಿ, ಅಳೆಯಿರಿ. 200 ಲೀಟರಿನ ಡ್ರಮ್ ಒಂದನ್ನು ಪೈಪಿನ ಬಾಯಿಗೆ ಇಟ್ಟು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ. 67 ಸೆಕೆಂಡಿಗೆ ತುಂಬಿತು ಅನ್ನಿ. ಸೆಕೆಂಡಿಗೆ 3 ಲೀಟರ್ ಬಂದಂತಾಯಿತು, ಗಂಟೆಗೆ 10,800. ನೀರು 60 ಮೀಟರ್ ಆಳದಿಂದ ಬರುತ್ತಿದ್ದರೆ ಆ ಕೆಲಸಕ್ಕೆ ನಿಜವಾಗಿ ಬೇಕಾದದ್ದು 1.8 ಕಿಲೋವಾಟ್. ಮೋಟರು ಎಳೆಯುವುದು ಸುಮಾರು 4.4. ಅಂದರೆ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ 40 ಪಾಲು ನೀರೆತ್ತಲು ಹೋಯಿತು. ಉಳಿದದ್ದು ಮೋಟರಿನ ಬಿಸಿಗೆ, ಪೈಪಿನ ಘರ್ಷಣೆಗೆ, ಸವೆದ ಇಂಪೆಲ್ಲರಿಗೆ (ಪಂಪಿನೊಳಗೆ ತಿರುಗುವ ಚಕ್ರ). ಮೋಟರು ಸುಟ್ಟಾಗಲೆಲ್ಲ ಸಿಕ್ಕಿದವರ ಹತ್ತಿರ ವೈಂಡಿಂಗ್ ಮಾಡಿಸಿಕೊಂಡು ಬಂದದ್ದಾದರೆ ಇದಕ್ಕಿಂತ ಕಡಿಮೆಯೇ ಬರಬಹುದು.

ಹಾಗಾಗಿ ಡ್ರಿಪ್ ತೋಟಕ್ಕೆ ದಿನಕ್ಕೆ 1 ಗಂಟೆ, 4.4 ಯೂನಿಟ್. ಹಾಯಿಸುವ ತೋಟಕ್ಕೆ 2 ಗಂಟೆ ದಾಟಿ, 9.6 ಯೂನಿಟ್. ಬೇಸಿಗೆಯ 100 ದಿನಕ್ಕೆ 440 ಮತ್ತು 960. ಡ್ರಿಪ್ಪಿನ ಫಿಲ್ಟರು, ಪೈಪಿಗೆ ಒತ್ತಡ ಬೇಕು. ಅದಕ್ಕೆ ಇನ್ನೊಂದು 10 ಮೀಟರ್ ಎತ್ತರ ಸೇರಿಸಿಕೊಳ್ಳಿ. ಬಾವಿಯ ನೀರು ಆರೇಳು ಮೀಟರಿನಲ್ಲೇ ಸಿಗುವ ತೋಟಕ್ಕೂ ಬೋರ್‌ವೆಲ್ಲಿನ ತೋಟಕ್ಕೂ ಇಲ್ಲಿ ಅಜಗಜಾಂತರ. ಜಿಲ್ಲೆಗೆಲ್ಲ ಒಂದೇ ಆಳ ಹಾಕಿ ಕುಳಿತರೆ ಮಾಡೆಲ್ ಅಲ್ಲಿಗೇ ಕೆಟ್ಟಿತು.

ರೈತರಿಗೆ ಕರೆಂಟು ಉಚಿತ. ಹಾಗಾದರೆ ಆ ಖರ್ಚಿಗೆ ಸೊನ್ನೆ ಹಾಕಬಹುದಾ?

ರೈತರ ಖಾತೆಯಲ್ಲಿ ಸೊನ್ನೆ ಹಾಕಿ, ಸರ್ಕಾರದ ಖಾತೆಯಲ್ಲಿ ಪೂರ್ತಿ ಹಾಕಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಉಚಿತ. ಆ ಬಿಲ್ಲನ್ನು ಸಬ್ಸಿಡಿಯಾಗಿ ಸರ್ಕಾರ ಕಟ್ಟುತ್ತದೆ.

ಒಂದೇ ಖಾತೆ ಇಟ್ಟರೆ ಜನ ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ. ಹಾಯಿಸುವವರಿಗೂ ಡ್ರಿಪ್ಪಿನವರಿಗೂ ಬಿಲ್ಲು ಒಂದೇ, ಸೊನ್ನೆ. ಅವರನ್ನು ಕಟ್ಟಿಹಾಕುವುದು ದುಡ್ಡಲ್ಲ, ತ್ರೀ ಫೇಸ್ ಎಷ್ಟು ಗಂಟೆ ಇರುತ್ತದೆ ಅನ್ನುವುದು. ಕರೆಂಟು ರಾತ್ರಿ ಬಂದರೆ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ, ಬೆಳಗಿನವರೆಗೂ ಹರಿಯುತ್ತದೆ. ನೀರು ಪೋಲು ಮಾಡುತ್ತಾರೆ ಅಂತ ಬೈಯುವುದು ಸುಲಭ. ಕಾಡುಹಂದಿ, ಕಾಟಿ ಓಡಾಡುವ ತೋಟಕ್ಕೆ ರಾತ್ರಿ 2 ಗಂಟೆಗೆ ಹೋಗಿ ಗೇಟ್‌ವಾಲ್ವ್ ತಿರುಗಿಸಿ ಬಂದು ಆಮೇಲೆ ಬೈಯಲಿ.

ಎಲ್ಲರೂ ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ ಅಲ್ವಾ?

ಮರಕ್ಕೆ ಉಳಿಯುತ್ತದೆ. ಊರಿಗೆ ಉಳಿಯುತ್ತದೆ ಅಂತ ಹೇಳಲಾಗದು. ಉಳಿದ ನೀರಲ್ಲಿ ಇನ್ನೊಂದು ಎಕರೆ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ನೆಟ್ಟರೆ ಒಟ್ಟು ಬಳಕೆ ಅಷ್ಟೇ ಇರುತ್ತದೆ, ಕೆಲವು ಸಲ ಜಾಸ್ತಿಯೂ ಆಗುತ್ತದೆ. 1865ರಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ಬಗ್ಗೆ ಇದನ್ನೇ ಹೇಳಿದ್ದ: ಯಂತ್ರ ಸುಧಾರಿಸಿದಷ್ಟೂ ಕಲ್ಲಿದ್ದಲು ಜಾಸ್ತಿ ಖರ್ಚಾಗುತ್ತದೆ. ಇನ್ನೊಂದು ವಿಷಯ. ಹಾಯಿಸಿದ ನೀರಿನಲ್ಲಿ ಒಂದಷ್ಟು ಪಾಲು ಇಂಗಿ ಕೆಳಗಿನ ತೋಟದ ಬಾವಿಗೆ ಹೋಗುತ್ತಿತ್ತು. ಅದನ್ನು ಪೂರ್ತಿ ನಷ್ಟ ಅಂತ ಬರೆದರೆ ಕೆಳಗಿನವರ ಬಾವಿ ಬತ್ತಿದ್ದು ಯಾಕೆ ಅಂತ ಮಾಡೆಲ್ ಹೇಳಲಾರದು.

ಅಡಿಕೆ ಆಹಾರವೇ?

ತಮಾಷೆಗೆ ಕೇಳುತ್ತಾರೆ. ಆದರೆ ನನಗೆ ಇಷ್ಟವಾದ ಪ್ರಶ್ನೆ ಇದು. ಆಹಾರದ ಅಂಕಣದಲ್ಲಿ ಅಡಿಕೆಗೆ ಸೊನ್ನೆ, ದುಡ್ಡಿನ ಅಂಕಣದಲ್ಲಿ ಎಲ್ಲಕ್ಕಿಂತ ಮೇಲೆ. ಗದ್ದೆ ತೋಟವಾದಷ್ಟೂ ಊರಿನ ಅಕ್ಕಿ ಹೊರಗಿಂದ ಬರುತ್ತದೆ. ಒಂದು ಕಿಲೋ ಅಕ್ಕಿಗೆ ಸುಮಾರು 2,500 ಲೀಟರ್ ನೀರು ಅನ್ನುವುದು ಚಾಲ್ತಿಯಲ್ಲಿರುವ ಅಂದಾಜು. ಹಾಗಾಗಿ ರೇಷನ್ ಅಂಗಡಿಗೆ ಇಳಿಯುವ ಅಕ್ಕಿಯ ಚೀಲ ಅಂದರೆ ಬೇರೆ ಊರಿನ ನೀರೂ ಹೌದು. ಇದಕ್ಕೆ ಮರೆನೀರು ಅನ್ನುತ್ತಾರೆ. ಈ ವಿಚಾರ ಮುಂದಿಟ್ಟ ಟೋನಿ ಆಲನ್ ಅವರಿಗೆ 2008ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು.

ಗದ್ದೆ ಹೋದಾಗ ಹೋಗುವುದು ಬರೀ ಅಕ್ಕಿ ಅಲ್ಲ. ಮಳೆಗಾಲದಲ್ಲಿ ಗದ್ದೆಯ ಅಂಚಿನೊಳಗೆ ತಿಂಗಳುಗಟ್ಟಲೆ ನಿಂತು ಇಂಗುತ್ತಿದ್ದ ನೀರೂ ಹೋಗುತ್ತದೆ. ದನದ ಹುಲ್ಲೂ ಹೋಗುತ್ತದೆ. ದನ ಇಲ್ಲ ಅಂದಮೇಲೆ ಗೊಬ್ಬರ, ಗೋಬರ್ ಗ್ಯಾಸು ಎರಡೂ ಇಲ್ಲ. ನಾಲ್ಕು ಖಾತೆಗಳ ಕೊಂಡಿ ಇಷ್ಟು ಚೆನ್ನಾಗಿ ಕಾಣುವ ಜಾಗ ನಮ್ಮಲ್ಲಿ ಇನ್ನೊಂದಿಲ್ಲ.

ಅಡಿಕೆಯನ್ನೇ ನಂಬಿದ ಊರಿಗೆ ಎರಡು ಪರೀಕ್ಷೆ ಮಾಡಿಸಿ. ಎಲೆಚುಕ್ಕೆ ರೋಗದಿಂದ ಫಸಲು ಅರ್ಧವಾದರೆ? ದರ ಕುಸಿದರೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ವರ್ಷಗಳಾದವು. ಈ ಮಾತು ಊರಲ್ಲಿ ಯಾರಿಗೂ ಹಿಡಿಸುವುದಿಲ್ಲ. ಆದರೂ ಲೆಕ್ಕದಲ್ಲಿ ಇರಲೇಬೇಕು.

ಶಕ್ತಿ ಅಂದರೆ ಕರೆಂಟು ಮಾತ್ರವಾ?

ಅಲ್ಲ. ಅಕ್ಟೋಬರ್ ನಂತರ ಸಾಗರ, ಹೊಸನಗರ ಕಡೆ ಯಾವ ಅಂಗಳಕ್ಕೆ ಹೋದರೂ ಹಂಡೆಯಲ್ಲಿ ಸುಲಿದ ಹಸಿ ಅಡಿಕೆ ಬೇಯುತ್ತಿರುತ್ತದೆ. ಕೆಂಪು ಚೊಗರಿನ ನೀರು, ಕೆಳಗೆ ಸೌದೆ, ಪಕ್ಕದಲ್ಲಿ ಅಡಿಕೆ ಹರವಲು ಅಟ್ಟ. ಆ ಸೌದೆಗೆ ಮೀಟರಿಲ್ಲ, ಬಿಲ್ಲಿಲ್ಲ. ಆದ್ದರಿಂದ ವರದಿಗಳಲ್ಲಿ ಅದಿಲ್ಲ. ಸೊಪ್ಪಿನಬೆಟ್ಟದಿಂದ ತೋಟಕ್ಕೆ ಬರುವ ಸೊಪ್ಪು, ದರಕಿನ (ಒಣ ಎಲೆಯ) ಕಥೆಯೂ ಇದೇ. ಪ್ರತಿ ಮನೆಯವರನ್ನೂ ಒಂದು ಕ್ವಿಂಟಲ್ ಅಡಿಕೆ ಬೇಯಿಸಲು ಎಷ್ಟು ಸೌದೆ ಹೋಯಿತು ಅಂತ ಕೇಳಿ ಬರೆದುಕೊಳ್ಳಿ. ಹೆಂಗಸರನ್ನು ಕೇಳಿ. ಒಲೆ ನೋಡಿಕೊಳ್ಳುವವರು ಅವರು, ಅಂಕಿಯೂ ಅವರ ಹತ್ತಿರವೇ ಇರುತ್ತದೆ.

ಬರ ಬಂದರೆ ಮಾಡೆಲ್ ಏನು ತೋರಿಸುತ್ತದೆ?

2023 ಇದಕ್ಕೆ ಒಳ್ಳೆಯ ಪಾಠ. ಮುಂಗಾರು ಕೈಕೊಟ್ಟಿತು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಲಿಂಗನಮಕ್ಕಿಯಲ್ಲಿ ನೀರು ಕಡಿಮೆ, ಹಾಗಾಗಿ ಜಲವಿದ್ಯುತ್ ಕಡಿಮೆ. ಅದೇ ಹೊತ್ತಿಗೆ, ಮಳೆ ಇರಬೇಕಾದ ತಿಂಗಳಲ್ಲೇ, ರೈತರೆಲ್ಲ ಪಂಪು ಶುರು ಮಾಡಿದರು. ಕರೆಂಟು ಕೊಡುವ ಕೈ ಸೋತಾಗಲೇ ಕೇಳುವ ಕೈ ಜಾಸ್ತಿಯಾಯಿತು. ಪಂಪ್‌ಸೆಟ್ಟಿಗೆ 7 ಗಂಟೆ ಇದ್ದದ್ದು 5ಕ್ಕೆ ಇಳಿದು, ರೈತರು ಬೀದಿಗಿಳಿದ ಮೇಲೆ ಮತ್ತೆ 7ಕ್ಕೆ ಬಂತು. ನೀರಿನ ಮಾಡೆಲ್, ಕರೆಂಟಿನ ಮಾಡೆಲ್ ಬೇರೆ ಬೇರೆ ಇದ್ದರೆ ಇದು ಎರಡರಲ್ಲೂ ಕಾಣುವುದಿಲ್ಲ. ನೀವು ಕಟ್ಟಿದ ಮಾಡೆಲ್ ಸರಿಯಿದೆಯಾ ಅಂತ ನೋಡಬೇಕೆಂದರೆ 2022ರವರೆಗಿನ ಅಂಕಿ ಕೊಟ್ಟು 2023 ಹೇಗಿತ್ತು ಅಂತ ಕೇಳಿ.

ಗಡಿ ಎಲ್ಲಿ ಹಾಕಬೇಕು? ತಾಲ್ಲೂಕಾ, ಜಿಲ್ಲೆಯಾ, ನದಿಯಾ?

ನೀರಿಗೆ ನದಿ ಕಣಿವೆ, ಕರೆಂಟಿಗೆ ಫೀಡರು (ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಬರುವ ಲೈನು), ದುಡ್ಡಿಗೆ ಮಾರುಕಟ್ಟೆ. ಮೂರೂ ಒಂದೇ ಗೆರೆಯಲ್ಲಿ ಕೂರುವುದಿಲ್ಲ. ಭದ್ರಾ ನೋಡಿ. ಅಣೆಕಟ್ಟು ಲಕ್ಕವಳ್ಳಿಯಲ್ಲಿ, ತುಂಬಿದರೆ 186 ಅಡಿ, 71.5 ಟಿಎಂಸಿ. ಎಡದಂಡೆ ಭದ್ರಾವತಿ, ಶಿವಮೊಗ್ಗದ ಕಡೆಗೆ, ಬಲದಂಡೆ ದಾವಣಗೆರೆ ಕಡೆಗೆ. ಬೇಸಿಗೆ ಬೆಳೆಗೆ ನೀರು ಸಾಲದಿದ್ದಾಗ ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಯಲ್ಲಿ ಜಟಾಪಟಿ ಆಗುತ್ತದೆ. ಭತ್ತದವರಿಗೆ ಸತತವಾಗಿ ನೀರು ಬೇಕು, ತೋಟದವರಿಗೆ ಬಿಟ್ಟು ಬಿಟ್ಟು ಕೊಟ್ಟರೂ ನಡೆಯುತ್ತದೆ, ಆದರೆ ಮೇ ಕೊನೆವರೆಗೂ ಬೇಕು. ಇದರ ಮೇಲೆ ಭದ್ರಾ ಮೇಲ್ದಂಡೆ ಯೋಜನೆ: ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕಿ, ಭದ್ರೆಯಿಂದ 29.9 ಟಿಎಂಸಿ ಎತ್ತಿ ಚಿತ್ರದುರ್ಗ, ತುಮಕೂರಿನ ಕಡೆಗೆ. ಜಿಲ್ಲೆಯ ಗಡಿ ಹಾಕಿಕೊಂಡು ಕುಳಿತರೆ ಈ ಅರ್ಧ ಜಗಳ ಕಾಗದದ ಹೊರಗೇ ಉಳಿಯುತ್ತದೆ. ನೀರಿನ ಗಡಿ ಹಾಕಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಮಾಡೆಲ್ ಏನನ್ನುತ್ತದೆ?

ಯಾವ ಗಡಿಯಾರ ಇಟ್ಟಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಯೋಜನೆ 2,000 ಮೆಗಾವಾಟಿನದು. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ. ಕರೆಂಟು ಹೆಚ್ಚಿದ್ದಾಗ ನೀರು ಮೇಲಕ್ಕೆ, ಬೇಕಾದಾಗ ಕೆಳಕ್ಕೆ. ಇಂಥವುಗಳಲ್ಲಿ 100 ಯೂನಿಟ್ ಕೊಟ್ಟರೆ 75–80 ವಾಪಸ್ ಬರುತ್ತದೆ. ವರ್ಷದ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಗಂಟೆಯ ಲೆಕ್ಕದಲ್ಲಿ ನೋಡಿದರೆ, ಮಧ್ಯಾಹ್ನ ಪಾವಗಡದ ಸೋಲಾರ್ ಹೆಚ್ಚಾಗಿ ಸಂಜೆ 7ಕ್ಕೆ ಕೊರತೆ ಆಗುವ ರಾಜ್ಯಕ್ಕೆ ಅದೇ ಲಾಭ. ಕಾಡು, ಸಿಂಗಳೀಕದ ನೆಲೆ, ಸುರಂಗ ಕೊರೆಯುವ ಗುಡ್ಡ ಇವು ಯಾವ ಗಂಟೆಯ ಲೆಕ್ಕದಲ್ಲೂ ಬರುವುದಿಲ್ಲ. ಅವನ್ನು ರೂಪಾಯಿಗೆ ತಿರುಗಿಸಿ ಲಾಭದಿಂದ ಕಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಂಥದ್ದನ್ನು ದಾಟಬಾರದ ಗೆರೆ ಅಂತ ಮೊದಲೇ ಹಾಕಿ, ಉಳಿದ ಜಾಗದಲ್ಲಿ ಲೆಕ್ಕ ಮಾಡಬೇಕು.

ಯಾವ ಸಾಫ್ಟ್‌ವೇರ್ ಬೇಕು?

ಮೊದಲು ಎಕ್ಸೆಲ್. ನದಿಯ ನೀರು ಹಂಚಿಕೆಗೆ ವೀಪ್ ಇದೆ, ಮಳೆ ಬಿದ್ದು ಹೊಳೆ ಸೇರುವುದಕ್ಕೆ ಸ್ವಾಟ್ ಇದೆ, ನಕ್ಷೆಗೆ ಕ್ಯೂಜಿಐಎಸ್. ಕೊನೆಯ ಎರಡು ಪೂರ್ತಿ ಉಚಿತ. ಎಕ್ಸೆಲ್‌ನಲ್ಲಿ ಒಂದು ಹೋಬಳಿಯ 12 ತಿಂಗಳ ಲೆಕ್ಕ ಕೂಡಿಸಲಾಗದವರಿಗೆ ಇವು ಬಣ್ಣದ ಗ್ರಾಫ್ ಕೊಡುತ್ತವೆ, ಅಷ್ಟೇ.

ಅಂಕಿ ಎಲ್ಲಿ ಸಿಗುತ್ತದೆ, ಎಷ್ಟು ನಂಬಬಹುದು?

ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ಚೆನ್ನಾಗಿದೆ. ಅಡಿಕೆ ದರ ಎಪಿಎಂಸಿಯದ್ದು ದಿನಾ ಸಿಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಬೇರೆ ಬೇರೆ ಬರೆದುಕೊಳ್ಳಿ, ಸರಾಸರಿ ಮಾಡಬೇಡಿ. ಪಂಪ್‌ಸೆಟ್ಟಿಗೆ ಹೆಚ್ಚಿನ ಕಡೆ ಮೀಟರಿಲ್ಲ, ಆದ್ದರಿಂದ ಕೃಷಿ ಫೀಡರಿನ ಅಂಕಿಯಿಂದ ಅಂದಾಜು ಮಾಡಬೇಕು.

ಕೈಕೊಡುವುದು ಪಹಣಿ. ಅದರಲ್ಲಿ ಭತ್ತ ಅಂತ ಇರುತ್ತದೆ, ಹೋಗಿ ನೋಡಿದರೆ ಐದು ವರ್ಷದ ಅಡಿಕೆ ಗಿಡ. ಬಗರ್‌ಹುಕುಂ ಜಾಗದ ತೋಟ ಪಹಣಿಯಲ್ಲೇ ಇಲ್ಲ, ಆದರೆ ಅದಕ್ಕೂ ಬೋರ್‌ವೆಲ್ ಇದೆ, ಅದೂ ನೀರು ಕುಡಿಯುತ್ತದೆ. ಉಪಗ್ರಹ ಚಿತ್ರ ಒಂದನ್ನು ಪಹಣಿಯ ಪಕ್ಕ ಇಟ್ಟು ನೋಡಿ. ಆದರೆ ಯಾರ ಜಾಗ ಯಾವುದು ಅಂತ ಹೆಸರು ಸಮೇತ ನಕ್ಷೆ ಪ್ರಕಟಿಸಬೇಡಿ. ಒಕ್ಕಲೆಬ್ಬಿಸುವ ನೋಟಿಸಿಗೆ ನಿಮ್ಮ ಪ್ರಾಜೆಕ್ಟು ದಾಖಲೆಯಾಗುವುದು ಬೇಡ.

ಮುಳುಗಡೆಯಾದವರು ಯಾವ ಅಂಕಣದಲ್ಲಿ ಬರುತ್ತಾರೆ?

ಸಾಮಾನ್ಯವಾಗಿ ಯಾವುದರಲ್ಲೂ ಇಲ್ಲ. ಲಿಂಗನಮಕ್ಕಿಗಾಗಿ ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಓಡಾಡುತ್ತಿದ್ದಾರೆ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಲಾಂಚ್ ಕಾಯುತ್ತಿದ್ದರು. ಶರಾವತಿ ಕರೆಂಟು ಅಗ್ಗ ಅನ್ನುವಾಗ ಈ ಖರ್ಚು ಅದರ ದರದಲ್ಲಿ ಸೇರಿಲ್ಲ ಅನ್ನುವುದನ್ನು ಮಾಡೆಲ್‌ನ ಮೊದಲ ಪುಟದಲ್ಲೇ ಬರೆಯಿರಿ. ಕೊನೆಯ ಪುಟದ ಅಡಿಟಿಪ್ಪಣಿ ಯಾರೂ ಓದುವುದಿಲ್ಲ.

ಫಲಿತಾಂಶವನ್ನು ಊರವರಿಗೆ ಹೇಗೆ ತೋರಿಸುವುದು?

ಟಿಎಂಸಿ, ಯೂನಿಟ್, ಕ್ವಿಂಟಲ್, ಎಕರೆ. ಇಷ್ಟರಲ್ಲೇ ಹೇಳಿ. ಗಿಗಾಜೂಲ್ ಅಂದರೆ ಸಭೆ ಎದ್ದು ಚಹಾಕ್ಕೆ ಹೋಗುತ್ತದೆ. ಗ್ರಾಮಸಭೆಗೆ ಎರಡು ಗ್ರಾಫ್ ಸಾಕು: ತಿಂಗಳುವಾರು ನೀರು, ತಿಂಗಳುವಾರು ಪಂಪಿನ ಯೂನಿಟ್. ಎರಡನ್ನೂ ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು ಹಾಕಿ. ಅಂಕಿ ತಪ್ಪಿದ್ದರೆ ಮೊದಲು ಹೇಳುವವರು ವಾಟರ್‌ಮ್ಯಾನ್. ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ.